ಅಪ್‌ಡೇಟ್: ಈ ಸಲ ಮೀನು ಈಜಿಕೊಂಡೇ ಹೋಯ್ತು

ಕಾರವಾರದಲ್ಲಿ ಗಾಳಕ್ಕೆ ಬಿದ್ದ ಮೀನನ್ನು ವಾಪಸ್ ಬಿಟ್ಟರೆ ಹೊಟ್ಟೆ ಮೇಲಾಗಿ ತೇಲುತ್ತೆ, ಏನು ಮಾಡಲಿ ಅಂತ ಹೋದ ತಿಂಗಳು ಕೇಳಿದ್ದೆ. ನೀವು ಹೇಳಿದ್ದನ್ನೆಲ್ಲ ಮಾಡಿ ನೋಡಿದೆ.

ಹುಬ್ಬಳ್ಳಿಯ ಮನೆಯಲ್ಲೇ ಕೂತು ಮೂರು ಕೊಕ್ಕೆಯ ಗಾಳ ತೆಗೆದು ಒಂಟಿ ಕೊಕ್ಕೆ ಹಾಕಿದೆ. ತುದಿಯ ಹಿಂಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದೆ. ಶನಿವಾರ ಯಲ್ಲಾಪುರ, ಅಂಕೋಲಾ ದಾಟಿ ಕಾಳಿ ನದಿ ಸಮುದ್ರ ಸೇರುವಲ್ಲಿಗೆ ಹೋದೆವು.

ಮೊದಲು ಸಿಕ್ಕಿದ್ದೇ ಸೀಬಾಸ್ ಮೀನು. ಮುಂಚೆ ಒಣ ಟವೆಲ್‌ನಲ್ಲಿ ಹಿಡೀತಿದ್ದೆ, ಮೈಮೇಲಿನ ಲೋಳೆಯೆಲ್ಲ ಅದಕ್ಕೇ ಅಂಟುತ್ತಿತ್ತು. ಈ ಸಲ ಕೈ ಒದ್ದೆ ಮಾಡಿಕೊಂಡು ನೀರಲ್ಲೇ ಕೊಕ್ಕೆ ಬಿಡಿಸಿದೆ. ಹೊಟ್ಟೆ ಕೆಳಗೆ ಅಂಗೈ ಕೊಟ್ಟು, ತಲೆಯನ್ನು ಹರಿವಿಗೆ ಎದುರಾಗಿ ಹಿಡಿದೆ. ಕಿವಿರು ನಿಧಾನಕ್ಕೆ ಆಡತೊಡಗಿತು. ಆಮೇಲೆ ಬಾಲ ಬೀಸಿ, ನನ್ನ ಮುಖಕ್ಕೆ ನೀರು ಎರಚಿ ಹೋಯ್ತು!

ಇನ್ನೊಂದು ಮೀನು ಗಾಳ ನುಂಗಿತ್ತು. ಎಳೆಯದೆ ಬಾಯಿ ಹತ್ತಿರ ದಾರ ಕತ್ತರಿಸಿ ಬಿಟ್ಟೆ. ಮನಸ್ಸಿಗೆ ಕಿರಿಕಿರಿ ಇದ್ದೇ ಇದೆ.

ಸೀಬಾಸ್ ಮೊದಲು ಗಂಡಾಗಿದ್ದು, ದೊಡ್ಡದಾದ ಮೇಲೆ ಹೆಣ್ಣಾಗುತ್ತಂತೆ. ಹಾಗಾದ್ರೆ ಮೊಟ್ಟೆ ಇಡೋ ದೊಡ್ಡದನ್ನೇ ಬಿಡಬೇಕು, ಅಲ್ವಾ?

‘ಅಷ್ಟು ದೂರ ಹೋಗಿ ಬರಿಗೈಲೆ ಬಂದೀ ಏನೋ?’ ಅಂತ ಅವ್ವ ಬೈಯೋ ಮೊದಲೇ ಅಂಕೋಲಾದಲ್ಲಿ ಬಂಗಡೆ ಕೊಂಡಿದ್ದೆ. ಬಚಾವಾದೆ.