ಅಪ್‌ಡೇಟ್: ಡೆನ್ಸ್ ಬ್ರೆಸ್ಟ್ ಅಂತ ರಿಪೋರ್ಟ್ ಬಂದಿತ್ತಲ್ಲ, ಆಮೇಲೆ ಏನಾಯ್ತು

ಮ್ಯಾಮೊಗ್ರಾಂನಲ್ಲಿ (ಸ್ತನದ ಎಕ್ಸ್‌ರೇ) ಗಂಟು ಇಲ್ಲ, ಆದರೆ ‘ಡೆನ್ಸಿಟಿ ಸಿ’ ಅಂತ ಬರೆದಿದ್ದಾರೆ, ಬೇರೆ ಟೆಸ್ಟ್ ಬೇಕಾ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ರೇಡಿಯಾಲಜಿಸ್ಟ್ ನನ್ನ ಎಕ್ಸ್‌ರೇಯನ್ನೇ ಸ್ಕ್ರೀನ್ ಮೇಲೆ ಹಾಕಿ ತೋರಿಸಿದರು. ಕೊಬ್ಬಿರುವ ಕಡೆ ಕಪ್ಪು, ಗ್ರಂಥಿ ಮತ್ತು ನಾರಿನ ಭಾಗವೆಲ್ಲ ಬಿಳಿ. ಈ ಬಿಳಿ ಭಾಗ ಜಾಸ್ತಿ ಇದ್ದರೆ ಅದೇ ಡೆನ್ಸ್. ಗಂಟಿದ್ದರೆ ಅದೂ ಬಿಳಿಯೇ. ಮಂಜಿನಲ್ಲಿ ಬಿಳಿ ಸೀರೆ ಹುಡುಕಿದ ಹಾಗೆ! ಎ, ಬಿ, ಸಿ, ಡಿ ದರ್ಜೆಗಳಲ್ಲಿ ಸಿ ಮತ್ತು ಡಿ ಎರಡೂ ಡೆನ್ಸ್. ಇದು ಕಾಯಿಲೆಯಲ್ಲ, ತುಂಬಾ ಜನರಿಗೆ ಇರುತ್ತದೆ. ಆದರೆ ಕ್ಯಾನ್ಸರ್ ಅಪಾಯ ಸ್ವಲ್ಪ ಜಾಸ್ತಿ. ಕೈಯಲ್ಲಿ ಮುಟ್ಟಿ ನೋಡಿದರೆ ಡೆನ್ಸಿಟಿ ಗೊತ್ತಾಗುವುದಿಲ್ಲ.

ಅಲ್ಟ್ರಾಸೌಂಡ್ ಮಾಡಿಸಿದೆ. ನೀರು ತುಂಬಿದ ಸಣ್ಣ ಗುಳ್ಳೆ ಕಂಡಿತು. ಬಯಾಪ್ಸಿ (ಚೂರು ತೆಗೆದು ಪರೀಕ್ಷೆ) ಬೇಡ ಅಂದರು. ಅಲ್ಟ್ರಾಸೌಂಡ್‌ನಲ್ಲಿ ಇಂಥ ಸುಮ್ನೆ ಗಾಬರಿಗಳು ಜಾಸ್ತಿಯಂತೆ. ಅದೊಂದೇ ಸಾಲದು ಕೂಡ. ಕೆಲವೊಮ್ಮೆ ಕ್ಯಾನ್ಸರ್‌ನ ಸುಳಿವಾಗುವ ಸುಣ್ಣದ (ಕ್ಯಾಲ್ಸಿಯಂ) ಸಣ್ಣ ಚುಕ್ಕೆಗಳು ಮ್ಯಾಮೊಗ್ರಾಂನಲ್ಲೇ ಚೆನ್ನಾಗಿ ಕಾಣುವುದು.

ಎಂಆರ್‌ಐ ಕೇಳಿದವರಿಗೆ: 2019ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್ ಅಧ್ಯಯನದಲ್ಲಿ, ಮ್ಯಾಮೊಗ್ರಾಂ ಜೊತೆ ಎಂಆರ್‌ಐಗೂ ಕರೆದಾಗ, ಎರಡು ಸ್ಕ್ರೀನಿಂಗ್ (ಲಕ್ಷಣವಿಲ್ಲದಾಗಲೇ ಮಾಡುವ ತಪಾಸಣೆ) ನಡುವೆ ಪತ್ತೆಯಾಗುವ ಕ್ಯಾನ್ಸರ್ 1000ಕ್ಕೆ 5ರಿಂದ 2.5ಕ್ಕೆ ಇಳಿಯಿತು. ಆದರೆ ಅವರೆಲ್ಲ 50ರಿಂದ 75 ವಯಸ್ಸಿನವರು, ಡೆನ್ಸಿಟಿ ‘ಡಿ’ ಇದ್ದವರು. ನನ್ನದು ‘ಸಿ’, ಮನೆಯಲ್ಲಿ ಯಾರಿಗೂ ಈ ಕ್ಯಾನ್ಸರ್ ಬಂದಿಲ್ಲ. ಹಾಗಾಗಿ ಡಾಕ್ಟರ್ ಸದ್ಯಕ್ಕೆ ಬೇಡ ಅಂದರು. ನನಗೂ ಸರಿ ಅನ್ನಿಸಿತು. ದುಡ್ಡೂ ಕಡಿಮೆಯಲ್ಲ, ಚಿತ್ರ ಸ್ಪಷ್ಟವಾಗಲು ಕೊಡುವ ಕಾಂಟ್ರಾಸ್ಟ್ ಇಂಜೆಕ್ಷನ್ ಬೇರೆ. ಅಮ್ಮನಿಗೋ ಅಕ್ಕನಿಗೋ ಬಂದಿದ್ದರೆ ಲೆಕ್ಕವೇ ಬೇರೆ, ಅಂಥವರು ಖಂಡಿತ ಕೇಳಿ.

ಮುಂದಿನ ಸಲ 3ಡಿ ಮ್ಯಾಮೊಗ್ರಾಂ (ಹಲವು ಕೋನಗಳಿಂದ ತೆಗೆಯುವ ಎಕ್ಸ್‌ರೇ), ಹಳೆಯ ಫಿಲ್ಮ್‌ಗಳನ್ನೂ ಒಯ್ಯಬೇಕಂತೆ.