ಅಪ್‌ಡೇಟ್: ಗಾಳಿಯೇ ಇಲ್ಲದ ಕಡೆ ಉಪಗ್ರಹಕ್ಕೆ ಕೇಳಿಸಿದ್ದೇನು?

1962ರ ಇಂಜುನ್-3 ಉಪಗ್ರಹ ಗಾಳಿಯೇ ಇಲ್ಲದ ಕಡೆ ಶಿಳ್ಳೆ ಸದ್ದು ಹಿಡಿದದ್ದು ಹೇಗೆ ಅಂತ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್. ಅದು ಹಿಡಿದದ್ದು ಸದ್ದನ್ನಲ್ಲ, ರೇಡಿಯೋ ಅಲೆಗಳನ್ನು. ಅವುಗಳ ಆವರ್ತನ ಬರೀ ಕೆಲವು ಸಾವಿರ ಹರ್ಟ್ಸ್. ಸಿಗ್ನಲ್ ಹೆಚ್ಚಿಸಿ ಸುಮ್ನೆ ಸ್ಪೀಕರ್‌ಗೆ ಕೊಟ್ಟರೆ ಸಾಕು, ಕಿವಿಗೆ ಕೇಳುತ್ತದೆ.

ಹೆಡ್‌ಫೋನ್ ಹಾಕಿ ಒಂದು ರೆಕಾರ್ಡಿಂಗ್ ಕೇಳಿದೆ. ಚಟಪಟ ಸದ್ದಿನ ನಡುವೆ 'ಸುಂಯ್' ಅಂತ ಕೆಳಗಿಳಿಯುವ ಶಿಳ್ಳೆ. ಇದರ ಮೂಲ ಮಿಂಚು! ಮಿಂಚಿನ ಅಲೆ ಭೂಮಿಯ ಕಾಂತರೇಖೆ ಹಿಡಿದು ಪ್ಲಾಸ್ಮಾದೊಳಗೆ (ವಿದ್ಯುದಾವೇಶ ಇರುವ ಕಣಗಳ ಅನಿಲ) ಸಾಗುವಾಗ ಜಾಸ್ತಿ ಆವರ್ತನದ ಭಾಗ ಮೊದಲು ತಲುಪುತ್ತದೆ, ಕಡಿಮೆಯದು ತಡವಾಗಿ. ಅದಕ್ಕೇ ಆ ಇಳಿಜಾರು ದನಿ.

ಅದೇ ವರ್ಷ ಹಾರಿದ ಕೆನಡಾದ ಅಲುಯೆಟ್-1 ಉಪಗ್ರಹದಲ್ಲಂತೂ ಟೇಪ್ ರೆಕಾರ್ಡರೇ ಇರಲಿಲ್ಲ. ನೆಲದ ಕೇಂದ್ರಕ್ಕೆ ಸಿಗ್ನಲ್ ಸಿಗುವಷ್ಟು ಹೊತ್ತು ಮಾತ್ರ ಕೇಳಬೇಕಿತ್ತು. ಎಂಥ ತಾಳ್ಮೆ ಅಲ್ವಾ? ಹಕ್ಕಿಗಳ ಚಿಲಿಪಿಲಿಯಂತೆ ಕೇಳುವ 'ಕೋರಸ್' ಅನ್ನುವ ಇಂಥದ್ದೇ ರೇಡಿಯೋ ಅಲೆಗಳ ಒಳ್ಳೆ ರೆಕಾರ್ಡಿಂಗ್ ಯಾರ ಹತ್ತಿರವಾದರೂ ಇದ್ದರೆ ಹಾಕಿ.