‘ಆಯ್ತು ಮೇಡಂ’ ಎಂದು ಹೋದವರು ಮತ್ತೆ ಬರುವುದಿಲ್ಲ: ಓದುಗರ ಸ್ಪಂದನ

ಕಳೆದ ಸಂಚಿಕೆಯ ಸಮಸ್ಯೆ: ‘ಘಾಟ್‌ಕೋಪರ್‌ನ ನಮ್ಮ ಸಂಘದ ಸಲಹಾ ಕೇಂದ್ರಕ್ಕೆ ಹೋಟೆಲ್ ಕೆಲಸದ ಹುಡುಗರು ಬರುತ್ತಾರೆ. ಕುಡಿತದ ಕೆಡುಕನ್ನೆಲ್ಲ ವಿವರಿಸಿದರೆ “ಆಯ್ತು ಮೇಡಂ, ಬಿಡ್ತೇನೆ” ಅನ್ನುತ್ತಾರೆ, ಮತ್ತೆ ಮುಖ ತೋರಿಸುವುದಿಲ್ಲ. ಮೋಟಿವೇಶನಲ್ ಇಂಟರ್‌ವ್ಯೂಯಿಂಗ್ (ಬದಲಾಗುವ ಮನಸ್ಸನ್ನು ಮಾತುಕತೆಯಿಂದಲೇ ಹೊರತರುವ ಸಮಾಲೋಚನಾ ವಿಧಾನ) ಎಂದು ಪ್ರಶ್ನೆಗಳ ಪಟ್ಟಿ ಹಿಡಿದು ಕೇಳಿದೆ. ಅದೂ ಫಲಿಸಲಿಲ್ಲ. ಏನು ಮಾಡಲಿ?’

*

ಸೋದರಿ, ‘ಆಯ್ತು ಮೇಡಂ’ ಒಪ್ಪಿಗೆಯಲ್ಲ, ಮಾತು ಮುಗಿಸುವ ಸಭ್ಯ ಉಪಾಯ. ಕುಡಿಯುವವನ ಮನಸ್ಸಿನಲ್ಲಿ ‘ಬೇಕು’, ‘ಬೇಡ’ ಎರಡೂ ಇರುತ್ತವೆ. ‘ಬೇಡ’ದ ಪರ ನೀವೇ ವಾದಿಸಿದರೆ ಅವನಿಗೆ ಉಳಿಯುವುದು ‘ಬೇಕು’ ಮಾತ್ರ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ 1983ರಲ್ಲಿ ಮೋಟಿವೇಶನಲ್ ಇಂಟರ್‌ವ್ಯೂಯಿಂಗ್ ವಿಧಾನವನ್ನು ಮೊದಲು ಬರೆದಿಟ್ಟದ್ದು ಕುಡಿತದ ಸಮಸ್ಯೆಯವರ ವಿಷಯದಲ್ಲೇ. ಬದಲಾಗಬೇಕಾದ ಕಾರಣ ಅವನ ಬಾಯಿಂದಲೇ ಬರಬೇಕು ಎಂಬುದು ಇದರ ಜೀವಾಳ.

ಪಟ್ಟಿ ಹಿಡಿದು ಕೇಳಿದರೆ ಪೊಲೀಸ್ ವಿಚಾರಣೆಯಂತಾಗುತ್ತದೆ. ಒಂದು ಪ್ರಶ್ನೆಗೆ ಎರಡು ಸಲವಾದರೂ ಅವನು ಹೇಳಿದ್ದರ ಒಳಾರ್ಥವನ್ನು ಅವನಿಗೇ ಹೇಳಿ. ‘ಹನ್ನೆರಡು ಗಂಟೆ ಭಟ್ಟಿ ಮುಂದೆ ನಿಂತವನಿಗೆ ರಾತ್ರಿ ಒಂದು ಕ್ವಾರ್ಟರ್ ಬೇಡ್ವಾ?’ ಎಂದರೆ ಲಿವರ್ ಸುದ್ದಿ ಎತ್ತಬೇಡಿ. ‘ದಣಿವು ಇಳಿಸೋಕೆ ಬೇರೆ ದಾರಿ ಕಾಣ್ತಿಲ್ಲ ನಿಮಗೆ’ ಅಂದು ಸುಮ್ಮನಿರಿ. ಕೊನೆಯಲ್ಲಿ ದನಿ ಇಳಿಯಬೇಕು. ಏರಿದರೆ ಅದೂ ಪ್ರಶ್ನೆಯಾಗಿ ಅವನು ಸಮರ್ಥನೆಗೆ ಇಳಿಯುತ್ತಾನೆ. ಆ ಮೌನದಲ್ಲಿ ಬಹಳ ಸಲ ಇನ್ನೊಂದು ಪಕ್ಕ ತಾನಾಗಿ ಹೊರಬರುತ್ತದೆ: ‘ಹಾಗಂತ ಊರಿಗೆ ಕಳಿಸೋದೂ ಕಮ್ಮಿ ಆಗಿದೆ.’ ಕಾಯಬೇಕಾದದ್ದು ಈ ಮಾತಿಗೇ. ಇಲ್ಲಿ ಉಪದೇಶ ಶುರು ಮಾಡಿದಿರೋ, ಮುಗಿಯಿತು. ‘ಮನೆಗೆ ಕಳಿಸೋದು ನಿಮಗೆ ದೊಡ್ಡ ವಿಷಯ’ ಎನ್ನಿ, ‘ಕಮ್ಮಿ ಆದಾಗ ಅಲ್ಲಿ ಏನಾಗುತ್ತೆ?’ ಎಂದು ಕೇಳಿ, ಅವನು ಬಿಡಿಸಿ ಹೇಳಲಿ. ಎದ್ದು ಹೋಗುವ ಮುಂಚೆ ಅವನು ಹೇಳಿದ ಕಾರಣಗಳನ್ನೆಲ್ಲ ಒಟ್ಟು ಮಾಡಿ ಅವನ ಪದಗಳಲ್ಲೇ ಒಪ್ಪಿಸಿ, ‘ಮುಂದೇನು ಅನ್ಸುತ್ತೆ?’ ಎಂದಷ್ಟೇ ಕೇಳಿ.

– ವ್ಯಸನಮುಕ್ತಿ ಸಮಾಲೋಚಕಿ, ಠಾಣೆ

*

ಅಂಕದ ಪ್ರಶ್ನೆ ಬಳಸಿ ನೋಡಿ. ‘ಕುಡಿತ ಕಡಿಮೆ ಮಾಡೋದು ನಿಮಗೆ ಎಷ್ಟು ಮುಖ್ಯ, 0ಯಿಂದ 10ರೊಳಗೆ?’ 4 ಎಂದರೆ ‘8 ಯಾಕಲ್ಲ?’ ಎಂದು ಎಂದೂ ಕೇಳಬೇಡಿ, ಬಿಡದಿರಲು ಕಾರಣಗಳ ಸಾಲೇ ಬರುತ್ತದೆ. ‘1 ಅನ್ನದೆ 4 ಅಂದಿರಲ್ಲ, ಯಾಕೆ?’ ಎನ್ನಿ. ‘ನಿಮ್ಮಿಂದ ಆಗುತ್ತೆ ಅನ್ನೋ ಧೈರ್ಯ ಎಷ್ಟು?’ ಎಂಬುದನ್ನು ಬೇರೆಯಾಗಿಯೇ ಕೇಳಬೇಕು. ಮುಖ್ಯ 9, ಧೈರ್ಯ 2 ಇರುವವನಿಗೆ ಕಾರಣಗಳ ಕೊರತೆಯಿಲ್ಲ, ದಾರಿ ಬೇಕು: ಪಗಾರದ ಸಂಜೆ ಯಾರ ಜೊತೆ, ಎಲ್ಲಿ, ಕೈಯಲ್ಲಿ ಎಷ್ಟು ದುಡ್ಡು? ರೂಮಿನಲ್ಲಿ ಎಲ್ಲರೂ ಕುಡಿಯುವವರಾದರೆ ಆ ಹೊತ್ತು ಕಳೆಯುವುದೆಲ್ಲಿ? ಆದರೆ ‘ಮಾಡ್ತೇನೆ’ ಎಂಬ ಮಾತು ಅವನಿಂದ ಬರುವ ಮುಂಚೆ ಯೋಜನೆಯ ಕಾಗದ ತೆಗೆದರೆ ಮತ್ತೆ ನಿಮ್ಮ ಹಳೆಯ ‘ಆಯ್ತು ಮೇಡಂ’ ಕೇಳಬೇಕಾಗುತ್ತದೆ.

– ಸಮಾಜಕಾರ್ಯ ಉಪನ್ಯಾಸಕರು, ಪುಣೆ

*

ಒಂದು ಎಚ್ಚರಿಕೆ, ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ದಿನವೂ ವಿಪರೀತ ಕುಡಿಯುವವರು, ಬೆಳಿಗ್ಗೆ ಕೈ ನಡುಗುವವರು, ಬೆವರುವವರು, ಎದ್ದ ಕೂಡಲೇ ಬೇಕೆನ್ನುವವರು ಒಮ್ಮೆಲೇ ನಿಲ್ಲಿಸಬಾರದು. ನಿಲ್ಲಿಸಿದ ಸುಮಾರು 6ರಿಂದ 48 ಗಂಟೆಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕು ದಿನದೊಳಗೆ ದಿಕ್ಕುತಪ್ಪಿದ ಮಾತು, ಇಲ್ಲದ್ದು ಕಾಣುವುದು ಶುರುವಾದರೆ ಪ್ರಾಣಕ್ಕೇ ಅಪಾಯ. ಇಂಥವರನ್ನು ಮೊದಲು ವೈದ್ಯರ ಬಳಿ ಕಳಿಸಿ.

ಈ ಮಾಹಿತಿ ಕೊಡುವುದಕ್ಕೂ ಕ್ರಮವಿದೆ. ‘ಇದರ ಬಗ್ಗೆ ನಿಮಗೇನು ಗೊತ್ತು?’ ಎಂದು ಕೇಳಿ, ‘ಒಂದು ವಿಷಯ ಹೇಳಲಾ?’ ಎಂದು ಒಪ್ಪಿಗೆ ಪಡೆದು ಎರಡೇ ವಾಕ್ಯ ಹೇಳಿ, ‘ಕೇಳಿದರೆ ಏನನ್ನಿಸುತ್ತೆ?’ ಎನ್ನಿ.

ಡಿಗ್ರಿ ಇಲ್ಲವೆಂದು ಅಳುಕಬೇಡಿ. ಗೋವಾದ 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನಡೆದು 2017ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತರಬೇತಿ ಪಡೆದ ಸಾಮಾನ್ಯ ಜನರೇ ಇದೇ ಶೈಲಿಯ ಸಮಾಲೋಚನೆಯನ್ನು ಹೆಚ್ಚೆಂದರೆ 4 ಭೇಟಿಗಳಲ್ಲಿ ಕೊಟ್ಟಿದ್ದರು, ಕುಡಿತ ಬಿಟ್ಟವರ ಪ್ರಮಾಣ ಹೆಚ್ಚಿತ್ತು. ಅಲ್ಲಿ ಸೇರಿಸಿಕೊಂಡದ್ದು ಹಾನಿಕರ ಕುಡಿತದವರನ್ನು. ತೀವ್ರ ಅವಲಂಬನೆಯವರನ್ನಲ್ಲ ಎಂಬುದು ನೆನಪಿರಲಿ. ಬಂದವನ ಒಪ್ಪಿಗೆ ಪಡೆದು ಮಾತುಕತೆ ರೆಕಾರ್ಡ್ ಮಾಡಿ. ಆಮೇಲೆ ನಿಮ್ಮಂತೆಯೇ ಕೆಲಸ ಮಾಡುವ ಒಬ್ಬರೊಡನೆ ಕೂತು 20 ನಿಮಿಷ ಕೇಳಿ, ನಿಮ್ಮ ಪ್ರಶ್ನೆಗೊಂದು ಗೀಟು, ಮರಳಿಸಿ ಹೇಳಿದ ಮಾತಿಗೊಂದು ಗೀಟು ಹಾಕುತ್ತ ಹೋಗಿ. ಪ್ರಶ್ನೆಗಳ ಸಾಲು ಉದ್ದವಾದರೆ ಮುಂದಿನ ಭೇಟಿಯಲ್ಲಿ ತಿದ್ದಬೇಕಾದದ್ದು ಅದೇ.

– ವೈದ್ಯರು, ಮಡಗಾಂವ್